ಮೊದಲ ರೇಸ್‌ಗೆ ಹೋಗುವ ಪಾರಿವಾಳದ ಮರಿಗಳು: ಈಗಿನಿಂದ ಏನು ಕಾಳು, ಎಷ್ಟು ಕಾಳು?

ಹೊಸಗೂಡು:
ನಮಸ್ಕಾರ. ಕೆಂಗೇರಿ ಕಡೆ ಮನೆ, ಟೆರೇಸ್ ಮೇಲೆ ಚಿಕ್ಕ ಗೂಡು. ಜೂನ್, ಜುಲೈನಲ್ಲಿ ಹುಟ್ಟಿದ ಇಪ್ಪತ್ತು ಹೋಮರ್ (ದೂರದ ಊರಲ್ಲಿ ಬಿಟ್ಟರೆ ಮನೆಗೆ ಹಾರಿ ಬರುವ ರೇಸ್ ಪಾರಿವಾಳ) ಮರಿಗಳಿವೆ. ಎಲ್ಲದರ ಕಾಲಿಗೂ ಗುರುತಿನ ರಿಂಗ್ ಇದೆ. ಗೂಡಿನ ಸುತ್ತ ಚೆನ್ನಾಗಿ ಹಾರುತ್ತಿವೆ. ಜನವರಿಯಲ್ಲಿ ಮೊದಲ ಸಲ ರೇಸ್‌ಗೆ ಕಳಿಸಬೇಕು ಅಂತ ಆಸೆ.

ಕಾಳಿನ ವಿಷಯದಲ್ಲಿ ಮಾತ್ರ ತಲೆ ಕೆಟ್ಟುಹೋಗಿದೆ. ಈಗ ಅಂಗಡಿ ಮಿಕ್ಸ್ ಹಾಕುತ್ತಿದ್ದೇನೆ. ಬಿಳಿಜೋಳ, ಗೋಧಿ, ಸಜ್ಜೆ, ಒಂದಿಷ್ಟು ಕಡಲೆ. ಯೂಟ್ಯೂಬ್ ತೆಗೆದರೆ ಬೆಲ್ಜಿಯಂನವರು ವಾರದ ಏಳು ದಿನಕ್ಕೂ ಬೇರೆ ಬೇರೆ ಮಿಕ್ಸ್ ತೋರಿಸುತ್ತಾರೆ. ಪಕ್ಕದ ಬೀದಿಯ ಹಿರಿಯರು "ಹಸಿವಿದ್ದರೇನೇ ಹಕ್ಕಿ ಮನೆಗೆ ಬರೋದು, ಅರ್ಧ ಹೊಟ್ಟೆ ಕೊಡು" ಅನ್ನುತ್ತಾರೆ. ಇನ್ನೊಬ್ಬರು ಈಗಿಂದಲೇ ಕಡ್ಲೆಬೀಜ ಶುರು ಮಾಡು ಅಂದರು. ಯಾರ ಮಾತು ಕೇಳಲಿ?

ಕಾಕ್ಸ್‌ಟೌನ್ ಹೋಮರ್:
ಮೂವರೂ ಹೇಳಿದ್ದರಲ್ಲಿ ಸತ್ಯ ಇದೆ. ಆದರೆ ಮೂರೂ ಬೇರೆ ಬೇರೆ ಹೊತ್ತಿಗೆ ಸೇರಿದ ಮಾತು. ಈಗ ಅಕ್ಟೋಬರ್. ಈಗ ನಿಮ್ಮ ಮರಿಗೆ ಬೇಕಾದದ್ದು ಗರಿ. ಜನವರಿಗೆ ಬೇಕಾದದ್ದು ಪೆಟ್ರೋಲ್. ಎರಡಕ್ಕೂ ಒಂದೇ ಕಾಳು ಆಗುವುದಿಲ್ಲ.

ಒಂದು ಮರಿ ಹಿಡಿದು ರೆಕ್ಕೆ ಬಿಚ್ಚಿ. ದೊಡ್ಡ ಗರಿ ಹತ್ತು ಇರುತ್ತವೆ. ಒಳಗಿನಿಂದ ಹೊರಕ್ಕೆ ಒಂದೊಂದಾಗಿ ಬಿದ್ದು ಹೊಸದು ಬರುತ್ತದೆ. ಹುಟ್ಟಿ ಏಳೆಂಟು ವಾರಕ್ಕೆ ಮೊದಲನೆಯದು ಬೀಳುತ್ತದೆ, ಕೊನೆಯದು ಮುಗಿಯುವ ಹೊತ್ತಿಗೆ ಆರೇಳು ತಿಂಗಳಾಗುತ್ತದೆ. ಈಗ ನಿಮ್ಮ ಹಕ್ಕಿಗಳು ನಾಲ್ಕೈದನೇ ಗರಿಯಲ್ಲಿ ಇರಬೇಕು. ಗರಿ ಹೆಚ್ಚೂಕಡಿಮೆ ಪೂರ್ತಿ ಪ್ರೋಟೀನ್. ಮೈಯ ಸಣ್ಣ ಗರಿಗಳೂ ಇದೇ ಹೊತ್ತಿಗೆ ಉದುರುತ್ತವೆ. ಗೂಡಿನ ನೆಲದಲ್ಲಿ ಪುಕ್ಕ ಬಿದ್ದಿರುತ್ತಲ್ವಾ, ಅಷ್ಟನ್ನೂ ಅದು ತಿಂದ ಕಾಳಿನಿಂದಲೇ ಮತ್ತೆ ಕಟ್ಟಬೇಕು. ಈಗ ಅರ್ಧ ಹೊಟ್ಟೆ ಅಂದರೆ ಜನವರಿಯ ರೆಕ್ಕೆಗೆ ಈಗಲೇ ಕತ್ತರಿ ಹಾಕಿದಂತೆ.

ನನ್ನ ಮಿಕ್ಸ್ ಹೇಳುತ್ತೇನೆ. ಹತ್ತು ಕೆಜಿಗೆ ಚಿಕ್ಕ ಕಾಳಿನ ಮೆಕ್ಕೆಜೋಳ ಎರಡೂವರೆ, ಗೋಧಿ ಒಂದೂವರೆ, ಬಿಳಿಜೋಳ ಒಂದೂವರೆ, ಸಜ್ಜೆ ಒಂದು, ಒಣ ಬಟಾಣಿ ಒಂದೂವರೆ, ಹೆಸರುಕಾಳು ಒಂದು, ಕಡಲೆ ಅರ್ಧ, ಕುಸುಬೆ ಅರ್ಧ. ಪ್ರೋಟೀನ್ ಶೇ. 14ರ ಆಸುಪಾಸು ಬರುತ್ತದೆ. ಇದು ಮರಿಗಳಿಗೆ ಡಿಸೆಂಬರ್‌ವರೆಗೆ. ಬಟಾಣಿ ದುಬಾರಿ ಅನಿಸಿದರೆ ಅಲಸಂದೆ ಹಾಕಿ, ಏನೂ ತೊಂದರೆ ಇಲ್ಲ. ಹಸಿ ಸೋಯಾ ಮಾತ್ರ ಬೇಡ, ಬೇಯಿಸದ ಸೋಯಾದಲ್ಲಿ ಪ್ರೋಟೀನ್ ಜೀರ್ಣ ಆಗದಂತೆ ತಡೆಯುವ ಅಂಶ ಇರುತ್ತದೆ.

ನಿಮ್ಮ ಅಂಗಡಿ ಮಿಕ್ಸ್‌ನಲ್ಲಿ ಕೊರತೆ ಇರುವುದು ಬೇಳೆಕಾಳು. ಜೋಳ, ಗೋಧಿ, ಸಜ್ಜೆ ಎಲ್ಲ ಶೇ. 10ರಿಂದ 12 ಪ್ರೋಟೀನ್. ಹೆಸರು, ಅಲಸಂದೆ, ಬಟಾಣಿ ಅದರ ಎರಡರಷ್ಟು. ಬೇರೆ ಮಿಕ್ಸ್ ಹುಡುಕಬೇಡಿ. ಯಶವಂತಪುರದಿಂದ ಹೆಸರುಕಾಳು, ಬಟಾಣಿ ತಂದು ಇದಕ್ಕೇ ಸೇರಿಸಿ, ಸಾಕು.

ಶಿವಾಜಿನಗರ ಛಾವಣಿ:
ಅಣ್ಣ, ನಮ್ಮ ತಾತನ ಕಾಲದಲ್ಲಿ ಬಾದಾಮಿ ಅರೆದು ತುಪ್ಪದಲ್ಲಿ ಉಂಡೆ ಮಾಡಿ ತಿನ್ನಿಸುತ್ತಿದ್ದರು. ಬೆಳಿಗ್ಗೆ ಬಿಟ್ಟರೆ ಸಂಜೆವರೆಗೂ ಮೇಲೇ. ಈಗಿನವರು ಪ್ರೋಟೀನ್ ಪರ್ಸೆಂಟ್ ಲೆಕ್ಕ ಹಾಕುತ್ತೀರಿ.

ಕಾಕ್ಸ್‌ಟೌನ್ ಹೋಮರ್:
ಭಾಯ್, ಅದು ಹೈಫ್ಲೈಯರ್. ಮನೆ ಮೇಲೇ ಗಾಳಿಯಲ್ಲಿ ನಿಂತು ಗಂಟೆಗಟ್ಟಲೆ ಇರುವ ಹಕ್ಕಿ. ಹೋಮರ್ ಒಂದೇ ಸಮನೆ ರೆಕ್ಕೆ ಬಡಿದುಕೊಂಡು ಅರವತ್ತು ಎಪ್ಪತ್ತು ಕಿ.ಮೀ. ವೇಗದಲ್ಲಿ ಬರಬೇಕು. ಕೊಬ್ಬು ಕೊಟ್ಟರೆ ಬಹಳ ಹೊತ್ತು ಹಾರುತ್ತದೆ ಅನ್ನುವುದು ನಿಮ್ಮ ತಾತನಿಗೆ ಗೊತ್ತಿತ್ತು, ಅದು ಸರಿಯೇ. ಹೋಮರ್‌ಗೆ ಅದನ್ನು ಯಾವತ್ತು ಕೊಡಬೇಕು ಅನ್ನುವುದಷ್ಟೇ ಬೇರೆ.

ಗರಿಡಾಕ್ಟ್ರು:
ಪಶುವೈದ್ಯಳು, ಮನೆಯಲ್ಲೂ ಪಾರಿವಾಳ ಸಾಕುತ್ತೇನೆ. ಹಸಿವಿನ ವಿಷಯಕ್ಕೆ ಒಂದು ಮಾತು.

ಮರಿ ಗೂಡಿನ ಬಟ್ಟಲಲ್ಲಿ ಇರುವಾಗ ರೆಕ್ಕೆಯ ಎಲ್ಲ ಗರಿಗಳೂ ಒಟ್ಟಿಗೆ ಬೆಳೆಯುತ್ತವೆ. ಆ ಹೊತ್ತಲ್ಲಿ ಒಂದು ದಿನ ಹೊಟ್ಟೆಗೆ ಬೀಳದೆ ಹೋದರೂ, ಜ್ವರ ಬಂದರೂ, ಅಷ್ಟೂ ಗರಿಗಳ ಮೇಲೆ ಒಂದೇ ಎತ್ತರದಲ್ಲಿ ಅಡ್ಡಗೆರೆ ಬೀಳುತ್ತದೆ. ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿಯಿರಿ. ಕೂದಲೆಳೆಯಷ್ಟು ತೆಳುವಾದ, ಬೆಳಕು ಹಾಯುವ ಗೆರೆ ಕಾಣುತ್ತದೆ. ಬೆರಳಲ್ಲಿ ಸವರಿದರೆ ಅಲ್ಲಿ ಗರಿಯ ಎಳೆಗಳು ಬಿಟ್ಟುಕೊಳ್ಳುತ್ತವೆ. ಕೆಲವು ಸಲ ಗರಿ ಅಲ್ಲೇ ಮುರಿಯುತ್ತದೆ. ಈಗಿನ ವಯಸ್ಸಲ್ಲಿ ಗರಿ ಒಂದೊಂದಾಗಿ ಬರುವುದರಿಂದ ಗೆರೆ ಆಗ ಬೆಳೆಯುತ್ತಿರುವ ಗರಿಯಲ್ಲಿ ಮಾತ್ರ ಬೀಳುತ್ತದೆ. ಅದು ಹೊರತುದಿಯ ಗರಿಯಾದರೆ ಇಡೀ ಸೀಸನ್ ಅದೇ ಗರಿಯಲ್ಲಿ ಹಾರಬೇಕು.

ಹಸಿವು ಬೇರೆ, ಉಪವಾಸ ಬೇರೆ. ಹೊತ್ತಿಗೆ ಸರಿಯಾಗಿ ಹಸಿವಾಗಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹಾರಿಸಿ, ಒಳಗೆ ಬಂದ ಮೇಲೆ ದಿನದ ಕಾಳಿನಲ್ಲಿ ಮೂರನೇ ಒಂದು ಪಾಲು ಕೊಡಿ, ಉಳಿದದ್ದು ಸಂಜೆ. ದಿನದ ಲೆಕ್ಕ ಪೂರ್ತಿ ಆಗಿರುತ್ತದೆ, ಆದರೂ ಬೆಳಿಗ್ಗೆ ಕರೆದರೆ ಓಡಿ ಬರುತ್ತವೆ. ಆ ಹಿರಿಯರು ಹೇಳಿದ ಹತೋಟಿ ಹೀಗೂ ಸಿಗುತ್ತದೆ.

ಹೊಸಗೂಡು:
ಡಾಕ್ಟ್ರೇ, ದಿನದ ಲೆಕ್ಕ ಅಂದರೆ ಎಷ್ಟು? ನಾನು ಸುಮ್ನೆ ತಟ್ಟೆ ತುಂಬಿಸಿ ಇಡುತ್ತಿದ್ದೇನೆ.

ಗರಿಡಾಕ್ಟ್ರು:
ಹಕ್ಕಿಗೆ ಸುಮಾರು 30 ಗ್ರಾಂ. ಇಪ್ಪತ್ತಕ್ಕೆ 600 ಗ್ರಾಂ. ಚಳಿ ಇದ್ದರೆ, ಹಾರಾಟ ಜಾಸ್ತಿ ಇದ್ದರೆ 35 ಕೂಡ ಆಗುತ್ತದೆ. ಮಳೆಗೆ ಗೂಡಲ್ಲೇ ಕೂತಿದ್ದರೆ 25 ಸಾಕು. ತಟ್ಟೆ ತುಂಬಿಸಿಡುವುದನ್ನು ಇವತ್ತೇ ನಿಲ್ಲಿಸಿ.

ನೀಲಿ ಚೆಕ್ಕರ್:
ತಟ್ಟೆ ಯಾಕೆ ಬೇಡ ಅಂತ ನಾನು ಹೇಳುತ್ತೇನೆ. ಒಂದು ದಿನ ಗೂಡಲ್ಲಿ ಕೂತು ಸುಮ್ನೆ ನೋಡಿ. ಮೊದಲು ಕುಸುಬೆ ಮಾಯ. ಆಮೇಲೆ ಮೆಕ್ಕೆಜೋಳ. ಆಮೇಲೆ ಬಟಾಣಿ, ಹೆಸರು. ಗೋಧಿ ಸುಮಾರು. ಕೊನೆಗೆ ಭತ್ತವೋ ಬಾರ್ಲಿಯೋ ಉಳಿಯುತ್ತದೆ. ಅಂದರೆ ನೀವು ಎಷ್ಟು ತೂಗಿ ಬೆರೆಸಿದರೂ ಜೋರಿನ ಗಂಡು ತನಗೆ ಬೇಕಾದ್ದನ್ನೇ ಆರಿಸಿ ತಿಂದಿರುತ್ತದೆ, ಮೆತ್ತಗಿನ ಹೆಣ್ಣು ಮರಿಗೆ ಗೋಧಿಯೇ ಗತಿ. ನಿಮ್ಮ ಮಿಕ್ಸ್‌ನ ಪರ್ಸೆಂಟ್ ಎಲ್ಲ ಕಾಗದದ ಮೇಲೆ.

ನಾನು ಉದ್ದ ತೊಟ್ಟಿಯಲ್ಲಿ, ಎಲ್ಲಕ್ಕೂ ಒಟ್ಟಿಗೆ ತಲೆ ಹಾಕಲು ಜಾಗ ಇರುವಂತೆ, ಒಂದೊಂದು ಹಿಡಿ ಹಾಕುತ್ತೇನೆ. ಅದು ಪೂರ್ತಿ ಮುಗಿದ ಮೇಲೇ ಮುಂದಿನ ಹಿಡಿ. ಎರಡು ಮೂರು ಹಕ್ಕಿ ತಲೆ ಎತ್ತಿ ನೀರಿನ ಕಡೆ ಹೋದವು ಅಂದರೆ ಮುಗಿಯಿತು, ಡಬ್ಬ ಮುಚ್ಚಿ. ತಕ್ಕಡಿಗಿಂತ ಇದು ಸರಿಯಾದ ಅಳತೆ. ನನ್ನ ಮಿಕ್ಸ್‌ನಲ್ಲಿ ಒಂಚೂರು ಬಾರ್ಲಿ ಇರುವುದೂ ಇದಕ್ಕೇ. ಬಾರ್ಲಿ ಬಿಡುತ್ತಿವೆ ಅಂದರೆ ಹೊಟ್ಟೆ ತುಂಬಿದೆ, ಅದನ್ನೂ ಹೆಕ್ಕಿ ತಿನ್ನುತ್ತಿವೆ ಅಂದರೆ ಸಾಲುತ್ತಿಲ್ಲ.

ಗೆಂಟ್ ಕನ್ನಡಿಗ:
ಬೆಲ್ಜಿಯಂ ಹೆಸರು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಹತ್ತು ವರ್ಷದ ಮೇಲಾಯಿತು ಇಲ್ಲಿ, ಬೆಲ್ಜಿಯಂನ ಗೆಂಟ್‌ನಲ್ಲಿ. ಪಕ್ಕದ ಮನೆಯವರು ಪಾರಿವಾಳದವರು, ಅವರ ಜೊತೆ ಭಾನುವಾರ ಕೂರುವುದು ಅಭ್ಯಾಸ ಆಗಿದೆ.

ಯೂಟ್ಯೂಬ್‌ನ ಆ ಏಳು ದಿನದ ಪಟ್ಟಿ ತಪ್ಪಲ್ಲ, ಆದರೆ ಅದನ್ನು ಬರೆದಿರುವುದು ಬೇರೆ ಹಕ್ಕಿಗೆ. ಇಲ್ಲಿ ಮರಿ ಹುಟ್ಟುವುದು ಜನವರಿ, ಫೆಬ್ರವರಿಯಲ್ಲಿ. ಮರಿಗಳ ರೇಸ್ ಬೇಸಿಗೆಯಲ್ಲಿ, ಸೆಪ್ಟೆಂಬರ್ ಒಳಗೆ ಮುಗಿಯುತ್ತದೆ. ಅಂದರೆ ಮೊದಲ ರೇಸ್‌ಗೆ ಹಕ್ಕಿ ಇನ್ನೂ ಐದು ತಿಂಗಳಿನದು. ಗರಿ ಉದುರುವುದು ರೇಸ್ ಹೊತ್ತಿಗೇ ಬರುತ್ತದೆ. ಅದಕ್ಕೆ ವಸಂತದಲ್ಲಿ ಗೂಡಿಗೆ ಪರದೆ ಎಳೆದು ದಿನಕ್ಕೆ ಬಹಳ ಹೊತ್ತು ಕತ್ತಲೆ ಮಾಡುತ್ತಾರೆ. ಹಗಲು ಚಿಕ್ಕದು ಅಂತ ಹಕ್ಕಿಯ ಮೈ ತಿಳಿದುಕೊಂಡು ಗರಿ ಬೀಳುವುದು ತಡೆಯುತ್ತದೆ. ಬೆಳೆಯುವ ಮೈ, ಅದರ ಮೇಲೆ ರೇಸ್. ಹಾಗಾಗಿ ಅವರ ಪಟ್ಟಿಯಲ್ಲಿ ಸೀಸನ್ ಮಧ್ಯದಲ್ಲೂ ಬಟಾಣಿ ಜಾಸ್ತಿ ಇರುತ್ತದೆ.

ನಿಮ್ಮ ಜೂನ್ ಮರಿ ಜನವರಿಗೆ ಏಳು ತಿಂಗಳಿನದು. ಮೈ ಬೆಳೆದಿರುತ್ತದೆ, ರೆಕ್ಕೆ ಮುಗಿಯುತ್ತಾ ಬಂದಿರುತ್ತದೆ. ಇನ್ನೊಂದು, ಇಲ್ಲಿ 30 ಡಿಗ್ರಿ ಆದರೆ ಸೆಖೆ ಅಂತ ರೇಸ್ ಮುಂದೂಡುವ ಮಾತು ಬರುತ್ತದೆ. ನಿಮ್ಮಲ್ಲಿ ಫೆಬ್ರವರಿಯಲ್ಲಿ ರೇಸ್ ದಾರಿಯ ಕರ್ನೂಲಿನ ಬಿಸಿಲು ಅಷ್ಟಕ್ಕೇ ನಿಲ್ಲುತ್ತಾ?

ಹುಡುಗರು ಈ ದೇಶದ ಹಕ್ಕಿಯ ಬೆಲೆ ನೋಡಿ ಪಟ್ಟಿಯನ್ನೂ ನಂಬುತ್ತಾರೆ ಅನಿಸುತ್ತದೆ. 2020ರಲ್ಲಿ ನ್ಯೂ ಕಿಮ್ ಅನ್ನುವ ಹೆಣ್ಣು ಹಕ್ಕಿ 16 ಲಕ್ಷ ಯೂರೋಗೆ ಹೋಯಿತಲ್ಲ. ಅದೂ ತಿಂದದ್ದು ಮೆಕ್ಕೆಜೋಳ, ಬಟಾಣಿ ಇರುವ ಕಾಳೇ ಇರಬೇಕು ಬಿಡಿ.

ತುಮಕೂರು ಲಾಫ್ಟ್:
ಗೆಂಟ್ ಅಣ್ಣ ಸರಿಯಾಗಿ ಹಿಡಿದರು. ನಮ್ಮಲ್ಲಿ ರೇಸ್ ಹತ್ತಿರ ಬಂದಾಗ ಬೇಳೆಕಾಳು ಇಳಿಸಬೇಕು. ದೇಹಕ್ಕೆ ಬೇಡದ ಪ್ರೋಟೀನನ್ನು ಹೊರಹಾಕಬೇಕು, ಅದಕ್ಕೆ ನೀರು ಖರ್ಚು. ರೇಸ್ ದಾರಿಯಲ್ಲಿ ಆಂಧ್ರದ ಗುತ್ತಿಯಿಂದ ಈಚೆ ಬಿಸಿಲಲ್ಲಿ ಬರುವ ಹಕ್ಕಿಗೆ ನೀರೇ ಚಿನ್ನ.

ನನ್ನ ರೇಸ್ ಮಿಕ್ಸ್: ಹತ್ತಕ್ಕೆ ಮೆಕ್ಕೆಜೋಳ ಮೂರೂವರೆ, ಬಿಳಿಜೋಳ ಒಂದೂವರೆ, ಗೋಧಿ ಒಂದು, ಬಾರ್ಲಿ ಇಲ್ಲವೇ ಭತ್ತ ಒಂದು, ಬಟಾಣಿ ಒಂದು, ಹೆಸರು ಅರ್ಧ, ಸಜ್ಜೆ ಅರ್ಧ, ಕುಸುಬೆ ಒಂದು. ಪ್ರೋಟೀನ್ 12ಕ್ಕೆ ಇಳಿಯುತ್ತದೆ. ಒಂದೇ ದಿನ ಬದಲಿಸಬೇಡಿ. ಡಿಸೆಂಬರ್ ಎರಡನೇ ವಾರದಿಂದ ಹಳೆಯದಕ್ಕೆ ಹೊಸದು ಬೆರೆಸುತ್ತಾ ಬನ್ನಿ. ಗರಿ ಇನ್ನೂ ಮುಗಿಯದ ಮರಿ ಇದ್ದರೆ ಅದನ್ನು ಬೇರೆ ಕಡೆ ಇಟ್ಟು ಹಳೇ ಮಿಕ್ಸ್ ಮುಂದುವರಿಸಿ. ಅದು ಮೊದಮೊದಲ ರೇಸ್‌ಗಳಿಗೆ ಹೋಗದಿದ್ದರೂ ಪರವಾಗಿಲ್ಲ.

ಹೊಸಗೂಡು:
ಹಾಗಾದರೆ ವಾರದಲ್ಲಿ ಕೆಲವು ದಿನ ಭಾರದ ಕಾಳು, ಕೆಲವು ದಿನ ಹಗುರದ ಕಾಳು ಅನ್ನುವ ಲೆಕ್ಕ ಬೇಡವೇ? ಕಡ್ಲೆಬೀಜ?

ಕಾಕ್ಸ್‌ಟೌನ್ ಹೋಮರ್:
ಬೇಕು, ದೂರ ನೋಡಿಕೊಂಡು. ರೇಸ್‌ಗೆ ಹಕ್ಕಿ ಬಿಡುವ ಊರುಗಳ ಸಾಲು ನಮ್ಮಲ್ಲಿ ನೆಟ್ಟಗೆ ಉತ್ತರಕ್ಕೆ. ಬೆಂಗಳೂರಿನಿಂದ ಗಾಳಿ ದಾರಿಯಲ್ಲಿ ಪೆನುಕೊಂಡ ಸುಮಾರು 120 ಕಿ.ಮೀ., ಅನಂತಪುರ 190, ಕರ್ನೂಲು 320, ಹೈದರಾಬಾದ್ 500. ನಾಗಪುರ 900 ದಾಟುತ್ತದೆ, ಅದು ಮೊದಲ ವರ್ಷದ ಮರಿಗೆ ಬೇಡ, ಆ ಮಾತು ಈಗ ಬಿಡಿ.

ಅನಂತಪುರದಿಂದ ಒಳ್ಳೆ ದಿನ ಮೂರು ಗಂಟೆಯೊಳಗೆ ಮನೆಗೆ ಬರುತ್ತವೆ. ಇದಕ್ಕೆ ಕೊಬ್ಬು ತುಂಬುವುದು ದಂಡ. ಮೈ ಭಾರವಾದ ಹಕ್ಕಿ ಪಕ್ಕದ ಹಗುರ ಹಕ್ಕಿಯ ಹಿಂದೆ ಬೀಳುತ್ತದೆ, ಅಷ್ಟೇ ಲಾಭ. ಪೆನುಕೊಂಡ, ಅನಂತಪುರಕ್ಕೆ ವಾರವಿಡೀ ಒಂದೇ ಮಿಕ್ಸ್ ಇರಲಿ. ಭಾನುವಾರ ಬಂದ ದಿನ, ಸೋಮವಾರ ಸ್ವಲ್ಪ ಹಗುರ. ಶುಕ್ರವಾರ ಮೆಕ್ಕೆಜೋಳ ಒಂದು ಹಿಡಿ ಜಾಸ್ತಿ. ಮುಗಿಯಿತು.

ಕರ್ನೂಲಿನಿಂದ ಆಟ ಬೇರೆ. ಮೊದಲ ಸ್ವಲ್ಪ ಹೊತ್ತು ಹಕ್ಕಿ ಮೈಯಲ್ಲಿರುವ ಸಕ್ಕರೆ ಅಂಶ ಸುಡುತ್ತದೆ. ಆಮೇಲೆ ಉರಿಯುವುದು ಕೊಬ್ಬೇ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪಿಷ್ಟದಲ್ಲಿ 4. ಏಳೆಂಟು ಗಂಟೆ ರೆಕ್ಕೆ ಬಡಿಯಬೇಕಾದ ಹಕ್ಕಿಗೆ ಹೊರುವ ಭಾರ ಕಡಿಮೆ, ಶಕ್ತಿ ಜಾಸ್ತಿ ಬೇಕು. ಹಾಗಾಗಿ ಹೈದರಾಬಾದ್ ರೇಸ್ ಆದರೆ ಬಾಸ್ಕೆಟಿಂಗ್‌ಗೆ (ಹಕ್ಕಿಗಳನ್ನು ಬುಟ್ಟಿಗೆ ತುಂಬಿ ಲಾರಿಗೆ ಏರಿಸುವುದಕ್ಕೆ) ಮೂರು ದಿನ ಮುಂಚೆಯಿಂದ ಸಂಜೆ ಕೊನೆಯಲ್ಲಿ ಹಕ್ಕಿಗೆ ನಾಲ್ಕೈದು ಕಡ್ಲೆಬೀಜ, ಕುಸುಬೆ ಒಂದು ಹಿಡಿ ಜಾಸ್ತಿ. ಕರ್ನೂಲಿಗೆ ಎರಡು ದಿನ ಸಾಕು. ಲಾರಿಗೆ ಏರಿಸುವ ದಿನ ಬೇಗ ತಿನ್ನಿಸಿ. ಗಂಟಲ ಚೀಲದಲ್ಲಿ ಕಾಳು ತುಂಬಿಕೊಂಡು ಬುಟ್ಟಿಗೆ ಹೋಗಬಾರದು.

ಗರಿಡಾಕ್ಟ್ರು:
ಕಡ್ಲೆಬೀಜದ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ತೇವ ಸಿಕ್ಕಿದ ಕಡ್ಲೆಬೀಜ, ಮೆಕ್ಕೆಜೋಳದಲ್ಲಿ ಒಂದು ಬೂಷ್ಟು ಬೆಳೆಯುತ್ತದೆ, ಅದರಿಂದ ಅಫ್ಲಾಟಾಕ್ಸಿನ್ ಅನ್ನುವ ವಿಷ ಬರುತ್ತದೆ. ನೇರ ಲಿವರ್‌ಗೆ ಹೊಡೆತ. ತೊಳೆದರೆ ಹೋಗುವುದಿಲ್ಲ, ಹುರಿದರೂ ಪೂರ್ತಿ ಹೋಗುವುದಿಲ್ಲ. ಬಣ್ಣ ಕೆಟ್ಟದ್ದು, ಮುದುಡಿದ್ದು, ಬಾಯಿಗೆ ಹಾಕಿದರೆ ಕಹಿ ಬರುವುದು ಯಾವುದೂ ಬೇಡ. ನೀವು ತಿನ್ನದ ಬೀಜವನ್ನು ಹಕ್ಕಿಗೆ ಹಾಕಬೇಡಿ. ಉಪ್ಪು ಹಾಕಿ ಹುರಿದದ್ದಂತೂ ಬೇಡವೇ ಬೇಡ.

ಬಿತ್ತನೆಗೆ ಅಂತ ಗುಲಾಬಿ ಬಣ್ಣ ಹಚ್ಚಿದ ಮೆಕ್ಕೆಜೋಳ ಕೆಲವರು ಅಗ್ಗಕ್ಕೆ ಮಾರುತ್ತಾರೆ. ಅದಕ್ಕೆ ಔಷಧಿ ಹಾಕಿರುತ್ತದೆ. ಉಚಿತವಾಗಿ ಕೊಟ್ಟರೂ ಬೇಡ ಅನ್ನಿ.

ತುಮಕೂರು ಲಾಫ್ಟ್:
ಕಡಲೆಕಾಯಿ ಪರಿಷೆ ಹೊತ್ತಿಗೆ ಬಸವನಗುಡಿಗೆ ಹೊಸ ಬೆಳೆ ಬರುತ್ತಲ್ಲ, ಆಗ ಸಿಪ್ಪೆ ಸಮೇತ ತಂದು ಚೆನ್ನಾಗಿ ಒಣಗಿಸಿ ಇಟ್ಟುಕೊಳ್ಳಿ. ಬೇಕಾದಾಗ ಬೇಕಾದಷ್ಟೇ ಸುಲಿಯಿರಿ. ಸಿಪ್ಪೆಯಲ್ಲಿದ್ದರೆ ಫೆಬ್ರವರಿವರೆಗೂ ಚೆನ್ನಾಗಿರುತ್ತದೆ. ದಪ್ಪ ಬೀಜ ಬೇಡ, ಮರಿ ನುಂಗಲು ಒದ್ದಾಡುತ್ತದೆ.

ಶಿವಾಜಿನಗರ ಛಾವಣಿ:
ನೋಡಿದ್ರಾ, ಸುತ್ತಿ ಬಳಸಿ ತಾತನ ಬಾದಾಮಿ ಹತ್ತಿರಾನೇ ಬಂದಿರಿ.

ಕಾಕ್ಸ್‌ಟೌನ್ ಹೋಮರ್:
ಭಾಯ್, ಬಾದಾಮಿ ರೇಟ್ ನೋಡಿಕೊಂಡು ಮಾತಾಡಿ.

ನೀಲಿ ಚೆಕ್ಕರ್:
ಇಷ್ಟೆಲ್ಲ ಬರೆದರೂ ನೀರಿನ ಮಾತು ಒಂದು ಸಾಲಿಗೆ ಮುಗಿಸಿದಿರಿ. ಮರಿಗಳು ಕಳೆದುಹೋಗುವುದರಲ್ಲಿ ಅರ್ಧ ಪಾಲು ಕಾಳಿನ ತಪ್ಪಲ್ಲ, ನೀರಿನ ತಪ್ಪು ಅನ್ನುವುದು ನನ್ನ ಅಭಿಪ್ರಾಯ.

ಹೈದರಾಬಾದ್‌ಗೆ ಲಾರಿ ರಾತ್ರಿಯಿಡೀ ಹೋಗುತ್ತದೆ. ಬುಟ್ಟಿಯ ಹೊರಗೆ ನೀರಿನ ತೊಟ್ಟಿ ತಗುಲಿಸಿರುತ್ತಾರೆ. ದೊಡ್ಡ ಹಕ್ಕಿಗೆ ಗೊತ್ತು, ಕಂಬಿ ನಡುವೆ ಕತ್ತು ಹಾಕಿ ಕುಡಿಯುತ್ತದೆ. ಮನೆಯ ಪ್ಲಾಸ್ಟಿಕ್ ಕುಡಿಕೆ ಬಿಟ್ಟು ಬೇರೆ ನೋಡದ ಮರಿಗೆ ಅದು ನೀರು ಅಂತಲೇ ತಿಳಿಯುವುದಿಲ್ಲ. ನೂಕಾಟದಲ್ಲಿ ಹಿಂದೆ ಕೂತಿರುತ್ತದೆ. ಬೆಳಿಗ್ಗೆ ಒಣ ಗಂಟಲಲ್ಲಿ ಬಿಡುತ್ತಾರೆ, ಮೊದಲ ಕೆರೆ ಕಂಡಲ್ಲಿ ಇಳಿಯುತ್ತದೆ. ಒಂಟಿಯಾಗಿ ಇಳಿದ ಮರಿ ಡೇಗೆಗೆ ಸುಲಭದ ಊಟ.

ಈಗಲೇ ಶುರು ಮಾಡಿ. ವಾರಕ್ಕೊಂದು ಸಂಜೆ ಮರಿಗಳನ್ನು ಬುಟ್ಟಿಗೆ ಹಾಕಿ. ಕಾಳು ಅಲ್ಲೇ ಕೊಡಿ. ಕಾಳು ತಿಂದ ಮೇಲೆ ಬಾಯಾರಿಕೆ ಆಗೇ ಆಗುತ್ತದೆ, ಆಗ ಹೊರಗೆ ತೊಟ್ಟಿ ತಗುಲಿಸಿ. ಒಂದು ಹಳೇ ಹಕ್ಕಿಯನ್ನು ಜೊತೆಗೆ ಬಿಡಿ, ಅದು ಕುಡಿಯುವುದನ್ನು ನೋಡಿ ಮರಿಗಳೂ ಕಲಿಯುತ್ತವೆ. ರಾತ್ರಿ ಅಲ್ಲೇ ಇರಲಿ. ಇದನ್ನು ಕಲಿಸದೆ ಕಡ್ಲೆಬೀಜ ಎಣಿಸುತ್ತಾ ಕೂತರೆ ಏನು ಬಂತು?

ಹೊಸಗೂಡು:
ಇದು ನನಗೆ ಹೊಳೆದೇ ಇರಲಿಲ್ಲ. ಬುಟ್ಟಿ ಇದೆ, ಈ ವಾರವೇ ಮಾಡುತ್ತೇನೆ. ರೇಸ್ ಮುಗಿಸಿ ಬಂದ ಹಕ್ಕಿಗೆ ಏನು ಕೊಡಬೇಕು? ಕೆಲವರು ಬಂದ ತಕ್ಷಣ ಬೆಲ್ಲದ ನೀರು ಅನ್ನುತ್ತಾರೆ, ಕೆಲವರು ಆಂಟಿಬಯೋಟಿಕ್ ಅನ್ನುತ್ತಾರೆ.

ಗರಿಡಾಕ್ಟ್ರು:
ಮೊದಲು ನೀರು. ಮೆಡಿಕಲ್ ಶಾಪ್‌ನ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಆ ದಿನ ಇಡಬಹುದು. ಮಾರನೇ ದಿನ ಮಾಮೂಲಿ ನೀರು. ಒಂದರ್ಧ ಗಂಟೆ ಬಿಟ್ಟು ಹಗುರದ ಕಾಳು. ಬಾರ್ಲಿ, ಗೋಧಿ, ಬಿಳಿಜೋಳ, ಸಜ್ಜೆ. ಸುಸ್ತಾದ ಹಕ್ಕಿಯ ಹೊಟ್ಟೆಗೆ ಮೆಕ್ಕೆಜೋಳ ತುಂಬಬೇಡಿ. ಸಂಜೆಗೆ ಚೇತರಿಸಿಕೊಂಡಿದ್ದರೆ ಒಂದಷ್ಟು ಬಟಾಣಿ, ಹೆಸರು ಸೇರಿಸಿ. ಬಳಲಿದ ಸ್ನಾಯು ರಿಪೇರಿ ಆಗಲು ಪ್ರೋಟೀನ್ ಬೇಕು. ಸೀಸನ್‌ನಲ್ಲಿ ಬೇಳೆಕಾಳಿನ ದಿನ ಅಂತ ಇದ್ದರೆ ಅದು ಇದೇ.

ಆಂಟಿಬಯೋಟಿಕ್ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಕಾಯಿಲೆ ಇಲ್ಲದೆ ವಾರವಾರ ಔಷಧಿ ಹಾಕಿದರೆ, ನಿಜವಾಗಿ ಕಾಯಿಲೆ ಬಂದಾಗ ಅದು ಕೆಲಸ ಮಾಡುವುದಿಲ್ಲ. ಸೀಸನ್‌ಗೆ ಮುಂಚೆ ಒಂದು ಸಲ ಹಿಕ್ಕೆ ಪರೀಕ್ಷೆ ಮಾಡಿಸಿ, ಗಂಟಲು ತೋರಿಸಿ. ಏನಾದರೂ ಕಂಡರೆ ಮಾತ್ರ ಔಷಧಿ. ದಿನಾ ಬೆಳಿಗ್ಗೆ ನೀವೇ ಹಿಕ್ಕೆ ನೋಡಿ. ಗಟ್ಟಿಯಾಗಿ, ಉಂಡೆಯಾಗಿ, ಕಂದು ಬಣ್ಣಕ್ಕಿದ್ದು ಮೇಲೆ ಬಿಳಿ ಟೋಪಿ ಇದ್ದರೆ ನಿಮ್ಮ ಕಾಳು ಸರಿ ಇದೆ. ಹಸಿರಾಗಿ ನೀರಾಗಿದ್ದರೆ ಹೊಟ್ಟೆ ಖಾಲಿ, ಇಲ್ಲವೇ ಕಾಯಿಲೆ. ಕಾಳು ಕೊಟ್ಟ ಮೇಲೂ ಹಾಗೇ ಇದ್ದರೆ ಡಾಕ್ಟರ ಹತ್ತಿರ ಬನ್ನಿ.

ಕಾಕ್ಸ್‌ಟೌನ್ ಹೋಮರ್:
ಕೈಯಲ್ಲಿ ಹಿಡಿದು ನೋಡುವುದನ್ನೂ ರೂಢಿ ಮಾಡಿಕೊಳ್ಳಿ. ಎದೆಮೂಳೆಯ ಎರಡೂ ಕಡೆ ಮಾಂಸ ತುಂಬಿಕೊಂಡು, ಮೂಳೆಯ ಅಂಚು ಬೆರಳಿಗೆ ಸ್ವಲ್ಪವೇ ಸಿಗಬೇಕು. ಅಂಚು ಚೂಪಾಗಿ ಹತ್ತಿದರೆ ಕಾಳು ಸಾಲದು. ಅಂಚೇ ಸಿಗದೆ ಹಕ್ಕಿ ಕೈಯಲ್ಲಿ ಇಟ್ಟಿಗೆಯಂತೆ ಕೂತರೆ ಜಾಸ್ತಿ ಆಗಿದೆ. ಕೈಗೆ ಉಬ್ಬಿದಂತೆ, ಆದರೆ ಹಗುರ ಅನ್ನಿಸಬೇಕು. ಹೇಳಿ ಕಲಿಸಲು ಬರುವುದಿಲ್ಲ ಇದು. ಯಾರಾದರೂ ಹಳಬರ ಗೂಡಿಗೆ ಶನಿವಾರ ಬಾಸ್ಕೆಟಿಂಗ್‌ಗೆ ಮುಂಚೆ ಹೋಗಿ, ಅವರು ಕಳಿಸುವ ಹಕ್ಕಿ, ಕಳಿಸದೆ ಉಳಿಸುವ ಹಕ್ಕಿ ಎರಡನ್ನೂ ಹಿಡಿದು ನೋಡಿ. ನಿಮ್ಮ ಪಕ್ಕದ ಬೀದಿಯ ಹಿರಿಯರೇ ಆಗಬಹುದು. ಅರ್ಧ ಹೊಟ್ಟೆ ಅನ್ನುವವರ ಹಕ್ಕಿಗಳ ಎದೆ ಹೇಗಿದೆ ಅಂತ ನನಗೂ ಕುತೂಹಲ.

ಹೊಸಗೂಡು:
ನಿನ್ನೆ ಹೋಗಿದ್ದೆ ಸರ್. ಅವರು ಹಕ್ಕಿಗಳಿಗೆ ಸಂಜೆ ಹೊಟ್ಟೆ ತುಂಬಾನೇ ಹಾಕುತ್ತಾರೆ! ಅರ್ಧ ಹೊಟ್ಟೆ ಅಂದದ್ದು ಬೆಳಗಿನ ಕಾಳಿಗಂತೆ.

ಗರಿಡಾಕ್ಟ್ರು:
ನಾನು ಹೇಳಿದ ಮೂರನೇ ಒಂದು ಪಾಲಿಗಿಂತ ಅವರೇ ಧಾರಾಳ ಹಾಗಾದರೆ.

ಹೊಸಗೂಡು:
ಇನ್ನೆರಡು ಪ್ರಶ್ನೆ. ಗ್ರಿಟ್ (ಹಕ್ಕಿ ನುಂಗುವ ಕಲ್ಲು, ಚಿಪ್ಪಿನ ಪುಡಿ) ರೇಸ್ ಸೀಸನ್‌ನಲ್ಲೂ ಇಡಬೇಕಾ? ಮನೆಯಲ್ಲಿ ರಾಗಿ ಬೇಕಾದಷ್ಟಿದೆ, ಮಿಕ್ಸ್‌ಗೆ ಹಾಕಬಹುದಾ?

ತುಮಕೂರು ಲಾಫ್ಟ್:
ಗ್ರಿಟ್ ವರ್ಷಪೂರ್ತಿ. ಹಲ್ಲಿಲ್ಲದ ಹಕ್ಕಿಗೆ ಕಾಳು ಅರೆಯಲು ಕಲ್ಲು ಬೇಕು. ಸಣ್ಣ ಕಲ್ಲು, ಕಪ್ಪೆಚಿಪ್ಪಿನ ಪುಡಿ, ಇದ್ದಿಲು, ಇಟ್ಟಿಗೆ ಚೂರು. ಉಪ್ಪು ಒಂದು ಚಿಟಿಕೆಗಿಂತ ಜಾಸ್ತಿ ಬೇಡ. ವಾರಕ್ಕೊಮ್ಮೆ ಹಳೆಯದನ್ನು ಎಸೆದು ಹೊಸದು ಇಡಿ, ಧೂಳು ಹಿಡಿದರೆ ಮುಟ್ಟುವುದಿಲ್ಲ. ಬಾಸ್ಕೆಟಿಂಗ್ ದಿನ ಮಾತ್ರ ತೆಗೆದುಬಿಡಿ.

ರಾಗಿಯಲ್ಲಿ ಸುಣ್ಣದ ಅಂಶ ಚೆನ್ನಾಗಿದೆ, ಕೆಟ್ಟದ್ದಲ್ಲ. ಆದರೆ ಕಾಳು ತೀರಾ ಸಣ್ಣದು, ತೊಟ್ಟಿಯಲ್ಲಿ ಕೆಳಗೆ ಇಳಿದು ಹಿಕ್ಕೆ ಜೊತೆ ಸೇರುತ್ತದೆ. ಬೇರೆ ತಟ್ಟೆಯಲ್ಲಿ ಒಂದು ಹಿಡಿ ಇಡಿ.

ಹೊಸಗೂಡು:
ಹಾರಿ ಬಂದಾಗ ಡಬ್ಬ ಅಲ್ಲಾಡಿಸಿ ಒಳಗೆ ಕರೆಯಲು ರಾಗಿ ಸಾಕಾ?

ನೀಲಿ ಚೆಕ್ಕರ್:
ರಾಗಿ ಸದ್ದೇ ಮಾಡುವುದಿಲ್ಲ ಗುರು. ತಗಡಿನ ಡಬ್ಬಕ್ಕೆ ಕುಸುಬೆ ಜೊತೆ ನಾಲ್ಕು ಬಟಾಣಿ ಹಾಕಿ, ಎರಡು ಮನೆ ಆಚೆಗೂ ಕೇಳುತ್ತದೆ. ಒಳಗೆ ಬಂದ ಮೇಲೆ ಆ ಕುಸುಬೆಯನ್ನು ನಿಜವಾಗಿ ಕೊಡಿ. ಬರೀ ಸದ್ದು ಮಾಡಿ ಕೊಡದೇ ಇದ್ದರೆ ಮೂರನೇ ದಿನ ಶೀಟಿನ ಮೇಲೇ ಕೂತು ನಿಮ್ಮನ್ನು ನೋಡುತ್ತಾ ಇರುತ್ತವೆ.